ಭೇಟಿ ಅಂದ್ರೆ ಹಾಜರಿ ಅಲ್ರೀ

ನಾಲ್ಕು ವರ್ಷ ಅಪ್ಪನ ಮುಖ ನೋಡದ ಕೂಸನ್ನು ಕೋರ್ಟಿನ ಪಡಸಾಲೆಗೆ ತಂದು ನಿಲ್ಲಿಸಿ, 'ಒಂದು ತಾಸು ಮಾತಾಡ್ರಿ' ಅನ್ನೋದಕ್ಕೆ ನಾವು ಭೇಟಿ ಅಂತ ಹೆಸರಿಟ್ಟಿದ್ದೇವೆ. ಕೂಸು ಅಜ್ಜಿಯ ಸೆರಗು ಬಿಡಲ್ಲ. ಅಪ್ಪ ಚಾಕಲೇಟು ಹಿಡಿದು ಅಳ್ತಾನೆ. ತಾಸು ಮುಗೀತು. ಆ ಕಡೆಯವರು 'ನೋಡ್ರಿ, ಕೂಸಿಗೆ ಅಪ್ಪ ಬ್ಯಾಡ' ಅಂತಾರೆ, ಈ ಕಡೆಯವರು 'ತಲಿ ಕೆಡಿಸ್ಯಾರ' ಅಂತಾರೆ. ಅಲ್ಲಿಗೆ ಆದೇಶ ಪಾಲನೆಯಾಯ್ತು!

ಇದು ಬೆಂಗಳೂರಿನ ಕಥೆ ಮಾತ್ರ ಅನ್ಕೋಬೇಡಿ. ನಮ್ಮ ಐರಣಿ ಕಡೆಯೂ ಗಂಡ ದುಡಿಯಾಕ ದೂರ ಹೋಗ್ತಾನೆ, ಜಗಳ ಹತ್ತುತ್ತೆ, ಹೆಂಡತಿ ಕೂಸು ಎತ್ಕೊಂಡು ತವರಿಗೆ ಬರ್ತಾಳೆ. ಹಿರಿಯರು ಕೂಡ್ತಾರೆ. ಬಂಗಾರ ಎಷ್ಟು, ಭಾಂಡೆ ಸಾಮಾನು ಯಾರಿಗೆ, ಎಲ್ಲಾ ಬಗೆಹರಿಯುತ್ತೆ. ಕೂಸಿನ ವಿಷಯ 'ಅವ್ವನ ಹತ್ರ ಇರ್ಲಿ ಬಿಡ್ರಿ' ಎಂಬ ಒಂದೇ ಮಾತಿಗೆ ಮುಗೀತು. ಹೊಲದ ಬದುವಿನ ಜಗಳಕ್ಕಾದ್ರೆ ಸರ್ವೇಯರ್ ಬೇಕು ನಮಗೆ. ಕೂಸಿನ ಜಗಳಕ್ಕೆ ಬಲ್ಲವರೊಬ್ಬರು ಬೇಡ್ವಾ?

ಬಲ್ಲವರು ಮಾಡೋ ಕೆಲಸವೇ ಬೇರೆ. ಥೆರಪಿಸ್ಟ್ ಮೊದಲು ಕೂಸಿನ ಜೊತೆ ಬೇರೆ, ಅಪ್ಪನ ಜೊತೆ ಬೇರೆ ಕೂರ್ತಾರೆ. 'ನಿಮ್ಮವ್ವ ನನ್ನ ಬಗ್ಗೆ ಏನಂತಾಳ?' ಅಂತ ಕೇಳಬ್ಯಾಡ, ಅಳಬ್ಯಾಡ, ಒತ್ತಾಯದಿಂದ ಅಪ್ಪಿಕೊಳ್ಳಬ್ಯಾಡ ಅಂತ ಅಪ್ಪನಿಗೆ ಕಲಿಸ್ತಾರೆ. ಆಮೇಲೆ ಸಣ್ಣ ಭೇಟಿ, ಅವರೆದುರಿಗೇ. ಸಾಕು ಅಂದ್ರೆ ಎದ್ದು ಹೋಗೋ ಹಕ್ಕು ಕೂಸಿಗೆ. ಹೊಂದಿಕೊಂಡಂತೆಲ್ಲ ಹೊತ್ತು ಹೆಚ್ಚಿಸಿ, ಥೆರಪಿಸ್ಟ್ ತಾವೇ ಹಿಂದೆ ಸರೀತಾರೆ.

'ಹೊಡೆದ ಅಪ್ಪನಿಗೂ ಇದೇನಾ?' ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಥಲ್ಲಿ ಕೂಸಿನ ಸುರಕ್ಷತೆ ಮೊದಲು. 'ಈಗ ಭೇಟಿ ಬೇಡ' ಅಂತ ನ್ಯಾಯಾಧೀಶರಿಗೆ ಹೇಳೋಕೂ ಬಲ್ಲವರೇ ಬೇಕು. ಪಡಸಾಲೆಯ ಗೋಡೆ ಅದನ್ನ ಹೇಳಲ್ಲ.

ಕಾನೂನು ಅಡ್ಡಿಯಾಗಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 6ನೇ ಕಲಂ ಆಪ್ತಸಮಾಲೋಚಕರನ್ನು ಕೊಡುತ್ತೆ, 12ನೇ ಕಲಂ ತಜ್ಞರ ನೆರವು ಪಡೆಯಲು ಬಿಡುತ್ತೆ. ಆದ್ರೆ ಅದೇ ಕಾಯ್ದೆ ಕುಟುಂಬ ನ್ಯಾಯಾಲಯವನ್ನು ಕಡ್ಡಾಯ ಮಾಡಿದ್ದು 10 ಲಕ್ಷ ಜನಸಂಖ್ಯೆ ಮೀರಿದ ಊರುಗಳಿಗೆ. ಉಳಿದ ಕಡೆ ಸರ್ಕಾರಕ್ಕೆ ಅಗತ್ಯ ಅನ್ನಿಸಿದರೆ ಉಂಟು. ತಂದೆ-ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ, ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಆ ಹಕ್ಕು ಊರಿನ ಜನಸಂಖ್ಯೆ ನೋಡಿ ಬರುತ್ತಾ?

'ಇದೆಲ್ಲ ದುಡ್ಡಿದ್ದವರ ಚಟ' ಅಂತ ತಳ್ಳಿಹಾಕಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಪಕ್ಕದ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಇವರನ್ನೆಲ್ಲ ಒಂದು ಕೋಣೆಗೆ ಜೋಡಿಸಿದ್ರೆ ಸಾಕು. ರಾಣೆಬೆನ್ನೂರಲ್ಲಿ ಆಟಿಕೆ ಇಟ್ಟ ಒಂದು ಕೋಣೆ, ವಾರಕ್ಕೊಂದು ದಿನ, ತರಬೇತಿ ಇರೋ ಒಬ್ಬರು. ಭೇಟಿಯ ಆದೇಶದಲ್ಲಿ ತಾರೀಖು, ತಾಸಿನ ಜೊತೆ ಇನ್ನೂ ಎರಡು ಸಾಲು ಬರೀರಿ: ಪಕ್ಕದಲ್ಲಿ ಯಾರು ಕೂರ್ತಾರೆ, ಎಷ್ಟು ವಾರದ ನಂತರ ಕೂಸನ್ನು ಕೇಳಿ ಮತ್ತೆ ಪರಿಶೀಲಿಸ್ತೀರಿ. ವಕೀಲರು ನಾಳೆ ಹಾಕೋ ಅರ್ಜಿಯಲ್ಲೇ ಇದನ್ನ ಕೇಳಬಹುದು. ಯಾಕೆ ಕೇಳ್ತಿಲ್ಲ?