ಸಾಕಿದ ಹಲ್ಲಿಯ ನೋವು, ಸಾಕಿದವನ ಪ್ರಮಾದ

ಜೀವವಿಚಾರವನ್ನು ಹೇಳುವ ಜೈನ ಗ್ರಂಥಗಳು ನೆಲದ ಮೇಲೆ ಸರಿದಾಡುವ ಪಂಚೇಂದ್ರಿಯ ಜೀವಿಗಳಲ್ಲಿ ಎರಡು ಬಗೆಯನ್ನು ಕಾಣುತ್ತವೆ. ಎದೆಯಿಂದ ತೆವಳುವ ಹಾವು ಉರಪರಿಸರ್ಪ. ಮುಂಗಾಲುಗಳನ್ನು ತೋಳಿನಂತೆ ಊರಿ ನಡೆಯುವ ಹಲ್ಲಿ, ಉಡ, ಮುಂಗುಸಿಗಳು ಭುಜಪರಿಸರ್ಪ. ಗೋಡೆಯ ಮೇಲೆ ಲೊಚಗುಡುವ ಹಲ್ಲಿಗೂ ಸ್ಪರ್ಶ, ರಸ, ಗಂಧ, ಚಕ್ಷು, ಶ್ರೋತ್ರಗಳೆಂಬ ಐದು ಇಂದ್ರಿಯಗಳಿವೆ. ಮನಸ್ಸುಳ್ಳ ಪಂಚೇಂದ್ರಿಯ ಜೀವಿಗೆ ಶಾಸ್ತ್ರವು ಹತ್ತು ಪ್ರಾಣಗಳನ್ನು ಹೇಳುತ್ತದೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಉಚ್ಛ್ವಾಸ ಮತ್ತು ಆಯುಷ್ಯ. ಮನುಷ್ಯನಿಗೆ ಇರುವುದೂ ಇದೇ ಹತ್ತು. ತೀರ್ಥಂಕರರ ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದನ್ನು ತಿರ್ಯಂಚ ಜೀವಿಗಳಿಗೆಂದೇ ಬಿಟ್ಟಿರುವುದು ಅಲಂಕಾರಕ್ಕಲ್ಲ. ಮನಸ್ಸುಳ್ಳ ಪಶುವೂ ಸಮ್ಯಕ್ತ್ವವನ್ನು ಪಡೆಯಬಲ್ಲದು, ಅಣುವ್ರತಗಳವರೆಗೂ ಏರಬಲ್ಲದು ಎಂಬುದು ಜಿನಮತದ ಸ್ಪಷ್ಟ ನಿಲುವು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಿಸಿಲನಾಡಿನಲ್ಲಿ ಭುಜಪರಿಸರ್ಪಗಳು ಅಪರಿಚಿತವಲ್ಲ. ಬಂಡೆಯ ಸಂದಿಯಲ್ಲಿ ಉಡ, ಬೇಲಿಯ ಮೇಲೆ ಓತಿಕ್ಯಾತ, ಹಿತ್ತಲಿನ ಕಲ್ಲುಗಳ ನಡುವೆ ಹಾವುರಾಣಿ. ಆದರೆ ಅವುಗಳೊಡನೆ ಮನುಷ್ಯನ ಸಂಬಂಧ ಹೆಚ್ಚಾಗಿ ಭಯದ್ದು, ಇಲ್ಲವೇ ಲೋಭದ್ದು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವವರುಂಟು. ಬಿದ್ದ ಹಲ್ಲಿಗೆ ಪೆಟ್ಟಾಯಿತೇ ಎಂದು ನೋಡುವವರು ವಿರಳ. ಓತಿಕ್ಯಾತಕ್ಕೆ ಕಲ್ಲು ಹೊಡೆಯುವುದು ಮಕ್ಕಳ ಆಟ. ಉಡದ ಮಾಂಸಕ್ಕೆ, ಚರ್ಮಕ್ಕೆ, ಕೊನೆಗೆ ಅದರ ಜನನಾಂಗವನ್ನು ಒಣಗಿಸಿ ‘ಹತ್ತಾಜೋಡಿ’ ಎಂಬ ಅದೃಷ್ಟದ ಬೇರೆಂದು ಮಾರುವ ದಂಧೆಗೆ ದೇಶದಾದ್ಯಂತ ಬಲಿಯಾದ ಉಡಗಳಿಗೆ ಲೆಕ್ಕವಿಲ್ಲ.

ಈಗ ಇನ್ನೊಂದು ಸಂಬಂಧ ಸೇರಿಕೊಂಡಿದೆ, ಅದು ಮೋಹದ್ದು. ನಗರದ ಸಾಕುಪ್ರಾಣಿಗಳ ಅಂಗಡಿಯಿಂದ ಅಂಗೈಯಗಲದ ಹಸಿರು ಇಗ್ವಾನಾ ಮರಿಯೊಂದು ಗಾಜಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ಜೀವಿ ಅದು. ಮಕ್ಕಳು ಹೆಸರಿಡುತ್ತಾರೆ, ನೆರೆಹೊರೆಯವರು ನೋಡಲು ಬರುತ್ತಾರೆ. ಸೊಪ್ಪು ತಿನ್ನುವ ಪ್ರಾಣಿಯಾದ್ದರಿಂದ ಶ್ರಾವಕರ ಮನೆಗೂ ಆಕ್ಷೇಪವಿಲ್ಲವೆಂದು ತೋರುತ್ತದೆ. ಕೆಲವು ತಿಂಗಳುಗಳಲ್ಲಿ ಅದರ ಬೆರಳುಗಳು ಅದುರತೊಡಗುತ್ತವೆ, ದವಡೆ ಮೆತ್ತಗಾಗುತ್ತದೆ, ಹಿಂಗಾಲು ಎಳೆಯುತ್ತದೆ. ಒಂದು ರಾತ್ರಿ ಮೈಯೆಲ್ಲ ಸೆಟೆದು ಸೆಳೆತ ಬರುತ್ತದೆ. ಪಶುವೈದ್ಯರು ಸುಣ್ಣಾಂಶದ ಚುಚ್ಚುಮದ್ದು ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮತ್ತೆ ಕೆಲವು ತಿಂಗಳಿಗೆ ಅದೇ ಸೆಳೆತ, ಅದೇ ಓಟ. ಮೂರನೆಯ ಸಲ ಬಂದಾಗ ಮನೆಯ ಹಿರಿಯರ ಬಾಯಿಂದ ಸಹಜವಾಗಿ ಬರುವ ಮಾತು: “ಅದರ ಕರ್ಮ, ಯಾರೇನು ಮಾಡಲಾದೀತು?”

ಈ ಮಾತನ್ನು ನಿಲ್ಲಿಸಿ ವಿಚಾರಿಸಬೇಕು. ಏಕೆಂದರೆ ಈ ರೋಗದ ಕಾರಣ ಬಹುಮಟ್ಟಿಗೆ ತಿಳಿದದ್ದೇ ಆಗಿದೆ. ಆಹಾರದ ಸುಣ್ಣಾಂಶ ಮೈಗೆ ಹತ್ತಬೇಕಾದರೆ ಇಗ್ವಾನಾಗೆ ‘ಡಿ’ ಜೀವಸತ್ವ ಬೇಕು; ಅದು ಹುಟ್ಟುವುದು ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಕಿದಾಗ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಕಿಟಕಿಯ ಬಳಿ ಇಟ್ಟ ಪೆಟ್ಟಿಗೆಯೊಳಗೆ ಬೆಳಕು ಬೀಳುತ್ತದೆ, ಬಿಸಿಯೂ ಆಗುತ್ತದೆ, ಬೇಕಾದದ್ದು ಮಾತ್ರ ಒಳಗೆ ಬರುವುದಿಲ್ಲ. ಇದಕ್ಕೆಂದೇ ಬರುವ ವಿಶೇಷ ದೀಪವನ್ನು ಹಾಕಿದರೂ ಅದರ ನೇರಳಾತೀತ ಕಿರಣ ಆರರಿಂದ ಹನ್ನೆರಡು ತಿಂಗಳುಗಳಲ್ಲಿ ಕುಗ್ಗಿಬಿಡುತ್ತದೆ. ಕಣ್ಣಿಗೆ ದೀಪ ಮೊದಲಿನಂತೆಯೇ ಉರಿಯುತ್ತಿರುತ್ತದೆ. ಜೊತೆಗೆ ದಿನವೂ ಪಾಲಕ್ ಸೊಪ್ಪನ್ನೇ ಹಾಕಿದರೆ ಅದರಲ್ಲಿರುವ ಆಕ್ಸಲೇಟು ಇರುವ ಸುಣ್ಣಾಂಶವನ್ನೂ ಕಟ್ಟಿಹಾಕುತ್ತದೆ. ಸುಣ್ಣಾಂಶ ಹೇರಳವಾಗಿರುವ ನುಗ್ಗೆಯ ಮರ ಹಿತ್ತಲಲ್ಲೇ ನಿಂತಿರುತ್ತದೆ. ರಕ್ತದಲ್ಲಿ ಸುಣ್ಣಾಂಶ ಇಳಿದಾಗ ದೇಹ ಅದನ್ನು ತನ್ನ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಹೀಗೆ ಸವೆದ ಎಲುಬು ಮಗುವೊಂದು ಅವಸರದಿಂದ ಎತ್ತಿಕೊಂಡರೂ ಮುರಿಯಬಹುದು. ಚುಚ್ಚುಮದ್ದು ಆ ರಾತ್ರಿಯ ಸೆಳೆತವನ್ನು ನಿಲ್ಲಿಸುತ್ತದೆಯೇ ಹೊರತು ಪೆಟ್ಟಿಗೆಯೊಳಗಿನ ಕೊರತೆಯನ್ನು ತುಂಬುವುದಿಲ್ಲ.

ಹಾಗಾದರೆ ಮರುಕಳಿಸುವುದು ರೋಗವೋ, ಮರೆವೋ? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಮೊದಲಿಗೆ ಇಟ್ಟದ್ದು ಪ್ರಾಣಹರಣವನ್ನಲ್ಲ, ಪ್ರಮತ್ತಯೋಗವನ್ನು. ಎಚ್ಚರದಿಂದ ನಡೆಯುವವನ ಕಾಲಡಿಗೆ ಅರಿವಿಲ್ಲದೆ ಜೀವವೊಂದು ಸಿಲುಕಿದರೆ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರಗೇಡಿಗೆ ಜೀವ ಸಾಯದಿದ್ದರೂ ಬಂಧವುಂಟು. ಹಲ್ಲಿಗೆ ಅಸಾತಾವೇದನೀಯ ಕರ್ಮದ ಉದಯವಿರಬಹುದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಉದಯಕ್ಕೆ ನಿಮಿತ್ತನಾಗಿ ನಿಂತವನು ತನ್ನ ಲೆಕ್ಕವನ್ನು ಹಲ್ಲಿಯ ಖಾತೆಗೆ ಬರೆಯುವಂತಿಲ್ಲ. ಪರರಿಗೆ ದುಃಖ, ಆಕ್ರಂದನಗಳನ್ನು ಉಂಟುಮಾಡುವುದು ತನಗೇ ಅಸಾತಾವೇದನೀಯದ ಆಸ್ರವವೆಂದೂ, ಜೀವಿಗಳಲ್ಲಿ ಅನುಕಂಪೆ ಸಾತಾವೇದನೀಯದ ಆಸ್ರವವೆಂದೂ ಅದೇ ಗ್ರಂಥದ ಆರನೆಯ ಅಧ್ಯಾಯ ಹೇಳುತ್ತದೆ. ಕರ್ಮಸಿದ್ಧಾಂತವನ್ನು ಕೈಚೆಲ್ಲಲು ಬಳಸುವುದು ಆ ಸಿದ್ಧಾಂತಕ್ಕೆ ಮಾಡುವ ಅಪಚಾರ. ಔಷಧಕ್ಕೆ ಹಣ ಸುರಿದು ದೀಪ ಬದಲಿಸಲು ಮರೆಯುವ ದಯೆಯಲ್ಲಿ ಕಣ್ಣೀರು ಹೆಚ್ಚು, ಎಚ್ಚರ ಕಡಿಮೆ.

ಇದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಬಳಿಕ ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಷ್ಟಬಂದಲ್ಲಿಗೆ ಹೋಗುವ ಜೀವಿಯನ್ನು ಕಟ್ಟಿಡುವುದು ಬಂಧವಾದರೆ ಗಾಜಿನ ಪೆಟ್ಟಿಗೆಯೂ ಬಂಧವೇ. ಬಿಸಿಲನ್ನೇ ಆಹಾರದಂತೆ ಉಣ್ಣುವ ಪ್ರಾಣಿಗೆ ಬಿಸಿಲು ತಪ್ಪಿಸುವುದು ಅನ್ನಪಾನನಿರೋಧಕ್ಕೆ ಎಷ್ಟು ದೂರ? ಆದ್ದರಿಂದ ಶ್ರಾವಕನು ಇಂಥ ಪ್ರಾಣಿಯನ್ನು ಕೊಂಡು ತರದಿರುವುದೇ ಲೇಸು. ಉಡ ಮೊದಲಾದ ಈ ನೆಲದ ಸಂರಕ್ಷಿತ ಜೀವಿಗಳನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಮನೆಯಲ್ಲಿ ಇಡಗೊಡುವುದಿಲ್ಲ. ಇಗ್ವಾನಾದಂಥ ವಿದೇಶಿ ಜೀವಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು.

ತಂದಾಗಿದೆ, ತಪ್ಪು ಅರಿವಾಗಿದೆ. ಇನ್ನು ಗುಡೇಕೋಟೆಯ ಕರಡಿಧಾಮದ ಕಡೆಯ ಗುಡ್ಡಕ್ಕೋ ಅಂಕಸಮುದ್ರದ ಪಕ್ಷಿಧಾಮದ ಕೆರೆಯಂಚಿಗೋ ಒಯ್ದು ಬಿಟ್ಟರೆ ಅಭಯದಾನವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಮಳೆಕಾಡಿನ ಜೀವಿ, ಅದರಲ್ಲೂ ಎಲುಬು ಸವೆದದ್ದು, ಈ ಒಣ ಗುಡ್ಡದಲ್ಲಿ ಹಸಿವಿಗೋ ಹದ್ದಿಗೋ ಆಹುತಿಯಾಗುತ್ತದೆ. ಒಂದು ವೇಳೆ ಬದುಕಿ ಹಬ್ಬಿದರೆ ಅಲ್ಲಿಯ ಜೀವಿಗಳ ಅನ್ನಕ್ಕೆ ಕೈಹಾಕುತ್ತದೆ. ಬಿಟ್ಟು ಬಂದವನ ಮನಸ್ಸು ಹಗುರಾಗುವುದೊಂದೇ ಲಾಭ. ಅಭಯವೆಂದರೆ ಭಯವಿಲ್ಲದ ಸ್ಥಿತಿಯನ್ನು ಕೊಡುವುದು. ಕಟ್ಟಿದ ತಪ್ಪನ್ನು ಕೈಬಿಟ್ಟು ತೊಳೆಯಲಾಗದು, ಕೊನೆಯವರೆಗೆ ಪೋಷಿಸಿಯೇ ತೊಳೆಯಬೇಕು. ಇಗ್ವಾನಾ ಸರಿಯಾದ ಆರೈಕೆಯಲ್ಲಿ ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಮರಿಯನ್ನು ತಂದ ದಿನ ಯಾರೂ ಈ ಲೆಕ್ಕ ಹಾಕಿರುವುದಿಲ್ಲ.

ಹುಳು ತಿನ್ನುವ ಹಲ್ಲಿಗಳ ಮಾತು ಇನ್ನೂ ತೊಡಕಿನದು. ಅಂಗಡಿಗಳಲ್ಲಿ ಸಿಗುವ ಚುಕ್ಕೆಯ ಹಲ್ಲಿಗೆ ಜೀವಂತ ಮಿಡತೆಯೇ ಆಹಾರ. ಒಂದು ಜೀವವನ್ನು ಸಾಕಲು ದಿನವೂ ತ್ರಸಜೀವಿಗಳನ್ನು ಕೈಯಾರೆ ಒಪ್ಪಿಸುವುದು ಸಂಕಲ್ಪೀ ಹಿಂಸೆ; ಅಣುವ್ರತಿಗೆ ಅದರಲ್ಲಿ ವಿನಾಯಿತಿಯಿಲ್ಲ. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡವೆಂದು ಎಣಿಸಿರುವುದು ಈ ಇಕ್ಕಟ್ಟನ್ನು ಮುಂಗಂಡೇ. ಹಾಗೆಂದು ಅಂಥ ಹಲ್ಲಿ ಕಾಯಿಲೆ ಬಿದ್ದಾಗ ಚಿಕಿತ್ಸೆಯನ್ನೇ ನಿರಾಕರಿಸಬೇಕೆಂದಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆ ಸಸ್ಯಾಹಾರಿ ಹಕ್ಕಿಗಳನ್ನು ಒಳಗಿಟ್ಟು ಉಪಚರಿಸುತ್ತದೆ. ಹದ್ದು ಗಿಡುಗಗಳನ್ನು ಒಳಗಿಟ್ಟುಕೊಳ್ಳದಿದ್ದರೂ ಹೊರರೋಗಿಗಳಂತೆ ನೋಡಿ ಕಳುಹಿಸುವ ರೂಢಿಯಿದೆ. ವ್ರತವನ್ನೂ ಬಿಡಲಿಲ್ಲ, ನೋವನ್ನೂ ಕಡೆಗಣಿಸಲಿಲ್ಲ. ಹುಳುಭಕ್ಷಕ ಹಲ್ಲಿ ಹೇಗೋ ಮನೆ ಸೇರಿಬಿಟ್ಟಿದ್ದರೆ ಚಿಕಿತ್ಸೆ ಕೊಡಿಸಿ, ಬಲ್ಲ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದು ಈ ರೂಢಿಗೆ ಹತ್ತಿರವಾದ ದಾರಿ.

ಮತ್ತೆ ಮತ್ತೆ ಸೆಳೆತ ಬಂದಾಗ ಕೇಳಿಬರುವ ಕೊನೆಯ ಸಲಹೆ, ಚುಚ್ಚಿ ಮಲಗಿಸಿಬಿಡುವುದು. ಸಲಹೆ ಕೊಡುವವರದು ಕ್ರೌರ್ಯವಲ್ಲ, ನೋಡಲಾಗದ ಸಂಕಟ. ಈ ವಾದ ಹೊಸದೂ ಅಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಎತ್ತಿಕೊಂಡು, ಬಹುದುಃಖದಲ್ಲಿರುವ ಜೀವಿ ಬೇಗ ಬಿಡುಗಡೆ ಹೊಂದಲೆಂದು ಕೊಲ್ಲುವುದು ಸಲ್ಲದೆಂದು ಖಂಡಿತವಾಗಿ ತಳ್ಳಿಹಾಕಿದ್ದಾರೆ. ಸಲ್ಲೇಖನವನ್ನು ಇದಕ್ಕೆ ಸಾಕ್ಷಿಯಾಗಿ ತರುವವರು ಒಂದು ಭೇದವನ್ನು ಮರೆಯುತ್ತಾರೆ. ಸಲ್ಲೇಖನ ತಾನೇ ತಿಳಿದು ತಾನೇ ಕೈಗೊಳ್ಳುವ ವ್ರತ. ಒಬ್ಬರ ಪರವಾಗಿ ಇನ್ನೊಬ್ಬರು ಅದನ್ನು ಕೈಗೊಳ್ಳುವಂತಿಲ್ಲ. ನೋವು ತಗ್ಗಿಸುವ ಔಷಧ, ಬೆಚ್ಚನೆಯ ನೆಲೆ, ಬಳಿಯಲ್ಲೊಬ್ಬರು ಇರುವುದು, ಇವಿಷ್ಟು ಮನುಷ್ಯನ ಕೈಯಲ್ಲಿವೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಪುರಾತನ ಬಸದಿಯಿದೆ. ಅದನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. 13ನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನ ಕಾಲದವರು ಅಲ್ಲಿಯ ಚೆನ್ನಪಾರ್ಶ್ವನಿಗೆ ಹೊನ್ನನ್ನು ದತ್ತಿಕೊಟ್ಟರು. ಆ ಪಾರ್ಶ್ವನಾಥರ ಕಥೆಯಲ್ಲಿಯೂ ಸರೀಸೃಪಗಳಿವೆ. ತಾಪಸನ ಪಂಚಾಗ್ನಿಯ ಕಟ್ಟಿಗೆಯೊಳಗೆ ಸಿಲುಕಿ ಸಾಯುತ್ತಿದ್ದ ನಾಗದಂಪತಿಗಳನ್ನು ರಾಜಕುಮಾರ ಪಾರ್ಶ್ವನು ಕಂಡನು. ಅವುಗಳ ಪ್ರಾಣ ಉಳಿಯುವಂತಿರಲಿಲ್ಲ. ಬೇಗ ಸಾಯಲೆಂದು ಹೊಡೆಯಲೂ ಇಲ್ಲ, ಉಳಿಯುವುದಿಲ್ಲವೆಂದು ಮುಖ ತಿರುಗಿಸಲೂ ಇಲ್ಲ. ಕಿವಿಗೆ ಪಂಚನಮಸ್ಕಾರವನ್ನು ಕೇಳಿಸುತ್ತ ಬಳಿಯಲ್ಲೇ ನಿಂತನು. ಧರಣೇಂದ್ರ ಪದ್ಮಾವತಿಯರ ಕಥೆ ಅಲ್ಲಿಂದ ಮೊದಲಾಗುತ್ತದೆ.

ಇಗ್ವಾನಾದ ಸ್ಥಿತಿ ಆ ನಾಗಗಳಷ್ಟು ಕೈಮೀರಿದ್ದಲ್ಲ. ಕಷ್ಟಗಳು ಇಲ್ಲವೆಂದಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಗಳು ದನ, ಎಮ್ಮೆ, ಕುರಿಗಳ ಸೇವೆಗೆ ಹೊಂದಿಕೊಂಡವು. ಸರೀಸೃಪಗಳನ್ನು ಬಲ್ಲ ವೈದ್ಯರು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ಸೆಳೆತ ಬಂದ ರಾತ್ರಿ ಹರಪನಹಳ್ಳಿಯಿಂದಲೋ ಕೊಟ್ಟೂರಿನಿಂದಲೋ ಅಷ್ಟು ದೂರ ಓಡಲಾಗದು. ಆದ್ದರಿಂದ ಓಟದ ಅಗತ್ಯ ಬಾರದಂತೆ ಮುನ್ನಿನ ದಿನಗಳನ್ನು ನಡೆಸಬೇಕಾಗುತ್ತದೆ. ಎಳೆಬಿಸಿಲಿಗೆ ದಿನವೂ ಹೊರಗೆ, ಆದರೆ ನೆರಳಿಗೆ ಸರಿಯುವ ಅವಕಾಶವಿರುವ ತಂತಿಜಾಲದ ಗೂಡಿನಲ್ಲಿ. ಮುಚ್ಚಿದ ಗಾಜಿನ ಪೆಟ್ಟಿಗೆಯನ್ನು ಈ ಸೀಮೆಯ ಬಿಸಿಲಿಗಿಟ್ಟರೆ ಪ್ರಾಣಿ ಬೆಂದುಹೋದೀತು. ವಿದ್ಯುತ್ತು ಹೋದ ಮಾಗಿಯ ರಾತ್ರಿಗೆ ಬೆಚ್ಚಗಿಡುವ ಏರ್ಪಾಡು. ಸುಣ್ಣಾಂಶದ ಪುಡಿ ವೈದ್ಯರು ಹೇಳಿದಷ್ಟೇ. ಎತ್ತುವಾಗ ಮೈಯಡಿಗೆ ಎರಡೂ ಕೈ, ಬಾಲಕ್ಕೆ ಕೈ ಹಾಕುವಂತಿಲ್ಲ. ಮುನಿಗಳು ಪಿಂಛಿಯನ್ನು ಹಿಡಿದು ಪಾಲಿಸುವ ಆದಾನನಿಕ್ಷೇಪಣ ಸಮಿತಿಯ ಒಂದಂಶ ಗೃಹಸ್ಥನಿಗೆ ಇಲ್ಲಿ ಸಿಗುತ್ತದೆ. ಮಲಮೂತ್ರ, ಜೊಲ್ಲು, ಅರ್ಧ ಕಳಚಿದ ಪೊರೆಗಳಿಗೆ ಹೇಸುವ ಮನಸ್ಸಿಗೆ ನಿರ್ವಿಚಿಕಿತ್ಸೆಯ ಅಭ್ಯಾಸವೂ ಆಗುತ್ತದೆ. ಆ ಅಂಗವನ್ನು ಶಾಸ್ತ್ರ ಹೇಳಿರುವುದು ರತ್ನತ್ರಯಧಾರಿಗಳ ದೇಹದ ವಿಷಯದಲ್ಲಿ, ನಿಜ. ಆದರೆ ಹಲ್ಲಿಗೆ ಹೇಸಿದ ಕೈ ಮುನಿಸೇವೆಗೆ ಒಮ್ಮೆಲೇ ಸಿದ್ಧವಾದೀತೆಂದು ನಂಬುವುದು ಕಷ್ಟ.

ದೀಪವನ್ನು ಕೊಂಡ ದಿನಾಂಕವನ್ನು ಪೆಟ್ಟಿಗೆಯ ಮೇಲೆಯೇ ಬರೆದಿಡಬೇಕು. ಚತುರ್ದಶಿ, ಅಷ್ಟಮಿಗಳನ್ನು ಗುರುತು ಹಾಕುವ ಮನೆಯ ಕ್ಯಾಲೆಂಡರಿನಲ್ಲಿ ಅದನ್ನು ಬದಲಿಸುವ ದಿನಕ್ಕೂ ಒಂದು ಗುರುತಿಗೆ ಜಾಗವಿದೆ.