ರೈಟರ್ ಮಗಳ 39

ಎಡಕುಮೇರಿಗೆ ರಸ್ತೆ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ 55 ಕಿಲೋಮೀಟರ್ ಘಾಟಿಯ ನಡುಗಾಡಿನಲ್ಲಿರುವ ಈ ನಿಲ್ದಾಣದಲ್ಲಿ, ರೈಲ್ವೆ ಕೆಲಸದವರನ್ನು ಬಿಟ್ಟರೆ ಹತ್ತುವವರೂ ಇಳಿಯುವವರೂ ಕಾಣುವುದಿಲ್ಲ. ಎದುರಿನ ಗಾಡಿಗೆ ದಾರಿ ಬಿಡಲೆಂದು ನಮ್ಮ ಮಂಗಳೂರು ರೈಲು ಅವತ್ತು ಅಲ್ಲಿ ಅರ್ಧ ಗಂಟೆ ನಿಂತಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಗಾಗಿ ಜನ ಒಬ್ಬರ ಮುಖ ಒಬ್ಬರು ನೋಡಿ ಮಾತಿಗೆ ಶುರುವಿಟ್ಟರು.

ಎದುರು ಸೀಟಿನಲ್ಲಿ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹುಡುಗಿ ಆಲೂರು ಕಡೆಯವಳು. ಅಪ್ಪ ಕಾಫಿ ತೋಟದಲ್ಲಿ ರೈಟರ್. ಮಲೆನಾಡಿನಾಚೆಯವರಿಗೆ ಹೇಳಬೇಕು: ನಮ್ಮಲ್ಲಿ ರೈಟರ್ ಎಂದರೆ ಕಾದಂಬರಿ ಬರೆಯುವವನಲ್ಲ. ತೋಟದ ಚೆಕ್‌ರೋಲ್‌ನಲ್ಲಿ ಆಳುಗಳ ಹಾಜರಿ ಬರೆದು, ಬಟವಾಡೆಯ ದಿನ ಪೈಸೆ ತಪ್ಪದಂತೆ ಲೆಕ್ಕ ಒಪ್ಪಿಸುವವನು. ಚಿಕ್ಕವಳಿದ್ದಾಗಿನಿಂದ ಆ ಲೆಕ್ಕ ಕೂಡಿಸಿಕೊಡುತ್ತಿದ್ದವಳು ಈಗ ಮಂಗಳೂರಿನಲ್ಲಿ ಕೋಚಿಂಗಿಗೆ ಸೇರಿ ಸಿಎ ಓದುತ್ತಿದ್ದಾಳೆ. "ಊರಲ್ಲಿ ಎಲ್ಲರೂ ಕೇಳ್ತಾರೆ ಸಾರ್, ಇನ್ನೂ ಆಡಿಟ್ರಾಗಿಲ್ವಾ ಅಂತ" ಎಂದು ನಕ್ಕಳು.

ಇಂಟರ್‌ಮೀಡಿಯೆಟ್ ಮೊದಲ ಗ್ರೂಪಿನ ಫಲಿತಾಂಶ ಬಂದಿತ್ತು. ಅಡ್ವಾನ್ಸ್‌ಡ್ ಅಕೌಂಟಿಂಗ್ 58, ತೆರಿಗೆ 54, ಲಾ 39. ಒಟ್ಟು 151. ಪಾಸಾಗಲು ಗ್ರೂಪಿನ ಒಟ್ಟು ಅಂಕ ನೂರಕ್ಕೆ 50 ಮುಟ್ಟಬೇಕು, ಅಂದರೆ 300ಕ್ಕೆ 150. ಅದೇನೋ ದಾಟಿದ್ದಾಳೆ. ಆದರೆ ಪ್ರತಿ ಪೇಪರಿನಲ್ಲೂ 40 ಬರಲೇಬೇಕು. ಒಂದು ಅಂಕ ಕಡಿಮೆ. ಯಾವ ಪೇಪರಿನಲ್ಲಾದರೂ 60 ಬಂದಿದ್ದರೆ ಅದನ್ನು ಮತ್ತೆ ಬರೆಯದಂತೆ ವಿನಾಯಿತಿ ಸಿಗುತ್ತಿತ್ತು, ಅದೂ ಇಲ್ಲ. ಮೂರನ್ನೂ ಮತ್ತೆ ಬರೆಯಬೇಕು.

ಇದು ಕ್ರೂರ ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಬ್ಯಾಲೆನ್ಸ್ ಶೀಟಿನ ಕೆಳಗೆ ಸಹಿ ಹಾಕುವವನನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಜನ ಷೇರು ಕೊಳ್ಳುತ್ತಾರೆ. 1949ರ ಕಾಯ್ದೆಯಡಿ ಆ ವರ್ಷದ ಜುಲೈ 1ರಂದು ಹುಟ್ಟಿದ, ಸಿಎ ಪರೀಕ್ಷೆ ನಡೆಸುವ ಐಸಿಎಐ ಈ ಜರಡಿಯ ಕಣ್ಣು ದೊಡ್ಡದು ಮಾಡದೇ ಇರುವುದು ಒಳ್ಳೆಯದೇ. ಫೌಂಡೇಶನ್ನಿಗೆ ನಾಲ್ಕು ಪೇಪರ್, ಇಂಟರಿಗೆ ಆರು, ಫೈನಲ್‌ಗೆ ಆರು, ನಡುವೆ ಆಡಿಟರ್ ಕಚೇರಿಯಲ್ಲಿ ಎರಡು ವರ್ಷ ಆರ್ಟಿಕಲ್‌ಶಿಪ್. ಮೊದಲು ಇದು ಮೂರು ವರ್ಷವಿತ್ತು. ಇರಲಿ, ಎಲ್ಲ ಇರಲಿ.

ನನ್ನ ತಕರಾರು ಆ 39ರ ಬಗ್ಗೆ.

ಕಿಟಕಿಯಾಚೆ ಹಿಂದೆ ಸರಿದ ದೋಣಿಗಾಲ್ ಕಡೆಯ ತೋಟಗಳಲ್ಲಿ ಅರೇಬಿಕಾ ಹಣ್ಣಾಗಿತ್ತು. ಅದನ್ನೇ ನೆಪ ಮಾಡಿಕೊಂಡು, ಕಾಫಿ ಬೆಳೆಗಾರನಿಗೆ ತೆರಿಗೆ ಹೇಗಮ್ಮಾ ಎಂದೆ. ಹುಡುಗಿ ಪುಸ್ತಕ ಮುಚ್ಚಿದಳು. ಕೊಯ್ದ ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ, ಅಂದರೆ ಸಿಪ್ಪೆ ತೆಗೆಸಿ ಹಸನು ಮಾಡಿಸದೆ, ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮಾವಳಿ ಪ್ರಕಾರ ಆದಾಯದ ನೂರಕ್ಕೆ 25 ಪಾಲು ವ್ಯಾಪಾರದ್ದು. ಹುರಿದು ಪುಡಿ ಮಾಡಿ ಮಾರಿದರೆ 40. "ಚಿಕೋರಿ ಬೆರೆಸಿದ್ರೂ ಅಷ್ಟೇ ಸಾರ್, ಬೆರೆಸದಿದ್ರೂ ಅಷ್ಟೇ." ಆಮೇಲೆ ಯಾಕೆ ಹೀಗೆ ಎಂಬುದನ್ನೂ ಹೇಳಿದಳು: ಮಣ್ಣಿನ ಕೆಲಸ ಎಲ್ಲಿ ಮುಗಿದು ಕಾರ್ಖಾನೆಯ ಕೆಲಸ ಎಲ್ಲಿ ಶುರುವಾಗುತ್ತದೋ ಅಲ್ಲಿ ಗೆರೆ ಎಳೆಯುವುದು. ಇಷ್ಟು ಸಲೀಸಾಗಿ ಇದನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಹೇಳಿದ್ದು ಕನ್ನಡದಲ್ಲಿ. ಪರೀಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ. ಸಿಎ ಉತ್ತರ ಬರೆಯಲು ಇರುವ ಭಾಷೆ ಎರಡೇ, ಇಂಗ್ಲಿಷ್ ಮತ್ತು ಹಿಂದಿ. ಲೆಕ್ಕದ ಪೇಪರಿನಲ್ಲಿ ಅಂಕಿಗಳು ಕೈ ಹಿಡಿಯುತ್ತವೆ. ಲಾ ಪೇಪರಿನಲ್ಲಿ ಸೆಕ್ಷನ್ ಗೊತ್ತಿದ್ದರೂ ವಾಕ್ಯ ಕಟ್ಟಬೇಕು. "ಸೆಕ್ಷನ್ ಎಲ್ಲ ಗೊತ್ತಿತ್ತು ಸಾರ್, ಬರೆಯೋದ್ರಲ್ಲಿ ಟೈಮ್ ಸಾಲಲಿಲ್ಲ." ದ್ವಿತೀಯ ಪಿಯುಸಿವರೆಗೆ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲೇ ಬರೆದ ಮಗು ಇದು.

ಆಡಿಟ್ ವರದಿ ಇಂಗ್ಲಿಷಿನಲ್ಲೇ ತಾನೇ ಬರೆಯುವುದು ಎನ್ನುವ ವಾದ ನನಗೆ ಗೊತ್ತಿದೆ. ಹಾಗಾದರೆ ಹಿಂದಿಯಲ್ಲಿ ಬರೆದು ಪಾಸಾದವರು ವರದಿ ಬರೆಯುವುದು ಹೇಗೆ? ಅವರು ಕಲಿಯುತ್ತಾರೆ, ಇವರೂ ಕಲಿಯುತ್ತಾರೆ. ಆರ್ಟಿಕಲ್‌ಶಿಪ್ ಇರುವುದು ಇನ್ನೇತಕ್ಕೆ? ಡಾಕ್ಟರಾಗಲು ಬರೆಯುವ ನೀಟ್ 2017ರಿಂದಲೇ ಕನ್ನಡದಲ್ಲಿದೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಬೇಕಾದರೆ ಫೈನಲ್ ಇಂಗ್ಲಿಷಿನಲ್ಲೇ ಇರಲಿ. ಫೌಂಡೇಶನ್ ಮತ್ತು ಇಂಟರ್ ಕನ್ನಡದಲ್ಲಿ ಕೊಡಿ. ಡೆಬಿಟ್, ಕ್ರೆಡಿಟ್, ಡಿಬೆಂಚರ್ ಎಂಬ ಮಾತುಗಳನ್ನೆಲ್ಲ ಸಂಸ್ಕೃತಕ್ಕೆ ತಿರುಗಿಸುವ ಪಂಡಿತರನ್ನು ಮಾತ್ರ ಅನುವಾದದ ಸಮಿತಿಗೆ ಹಾಕಬೇಡಿ. ಆಮೇಲೆ ಮಕ್ಕಳು ತಾವಾಗಿಯೇ ಇಂಗ್ಲಿಷಿಗೆ ಓಡಿಹೋಗುತ್ತಾರೆ.

ಅಷ್ಟರಲ್ಲಿ ಕೆಳಗಿನಿಂದ ಗೂಡ್ಸ್ ಗಾಡಿ ಬಂತು. 50 ಅಡಿಗೆ ಒಂದು ಅಡಿ ಏರುವ ದಾರಿ ಇದು. ಒಟ್ಟು 57 ಸುರಂಗ. ಮುಂದಿನ ಎಂಜಿನ್ನುಗಳಷ್ಟೇ ಎಳೆದರೆ ಭಾರ ಹತ್ತುವುದಿಲ್ಲ, ಹಿಂದಿನಿಂದಲೂ ಎಂಜಿನ್ ತಳ್ಳಬೇಕು. ತಳ್ಳುವ ಆ ಎಂಜಿನ್ನಿಗೆ ರೈಲ್ವೆಯವರು ಇಟ್ಟ ಹೆಸರು ಬ್ಯಾಂಕರ್. ಹೇಳಿದೆ, ಹುಡುಗಿಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಹೊಸ ಪದ್ಧತಿಯಲ್ಲಿ ಎರಡೂ ಗ್ರೂಪ್ ಪಾಸಾದ ಮೇಲೇ ಆರ್ಟಿಕಲ್‌ಶಿಪ್. ಕನಿಷ್ಠ ಸ್ಟೈಪೆಂಡನ್ನು ಊರಿನ ಜನಸಂಖ್ಯೆ ನೋಡಿ ಗೊತ್ತುಮಾಡುವುದು ರೂಢಿ; ಊರು ಚಿಕ್ಕದಾದರೆ ಅದೂ ಚಿಕ್ಕದು. ಹೀಗಾಗಿ ಮಕ್ಕಳು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಪಿಜಿ ಬಾಡಿಗೆಗೇ ಅದನ್ನು ಸುರಿಯುತ್ತಾರೆ, ತಿರುಗಿ ಘಾಟಿ ಹತ್ತುವುದಿಲ್ಲ. ಇತ್ತ ತೋಟದ ಯಜಮಾನರು ಒಂದು ಸಹಿಗಾಗಿ ಹಾಸನಕ್ಕೆ ಎರಡು ಸಲ ಅಲೆಯುತ್ತಾರೆ. ಚೆಕ್‌ರೋಲ್ ಓದಲು ಬರುವ, ಔಟ್‌ಟರ್ನ್ (ಕ್ಯೂರಿಂಗ್ ಆದಮೇಲೆ ಸಿಗುವ ಬೀಜದ ಪ್ರಮಾಣ) ಎಂದರೇನೆಂದು ಕೇಳದೆಯೇ ಗೊತ್ತಿರುವ ಆಡಿಟರ್ ಈ ಸೀಮೆಗೆ ಬೇಕು. ಹಾಸನ, ಸಕಲೇಶಪುರದ ಆಡಿಟರುಗಳಲ್ಲಿ ನನ್ನದೊಂದು ಕೋರಿಕೆ: ಕಚೇರಿಯಲ್ಲಿ ಈ ಕಡೆಯ ಮಕ್ಕಳಿಗೆಂದು ಒಂದು ಕುರ್ಚಿ ಇಡಿ, ಸ್ಟೈಪೆಂಡ್ ಕೊಡುವಾಗ ಊರಿನ ಜನಸಂಖ್ಯೆ ಎಣಿಸಬೇಡಿ. ರೈಟರ್ ಮಗಳು ಜನವರಿಯಲ್ಲಿ ಮತ್ತೆ ಮೂರೂ ಪೇಪರ್ ಬರೆಯುತ್ತಿದ್ದಾಳೆ, ಇಂಗ್ಲಿಷಿನಲ್ಲೇ.