ಕಳ್ಳನಿಗೆ ನಾವೇ ಶಿಕ್ಷೆ ಕೊಡಬಹುದೇ?

ಬೋರ್‌ವೆಲ್ ಕೇಬಲ್ ಕಳವಿನ ಸಂಕಟ ಬಯಲುಸೀಮೆ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2016ರ ಬೇಸಿಗೆಯಲ್ಲಿ ಒಂದೇ ರಾತ್ರಿ, ನನ್ನದೂ ಸೇರಿ ಅಕ್ಕಪಕ್ಕದ ಮೂರು ಬೋರಿನ ಕೇಬಲ್ ಕತ್ತರಿಸಿ ಒಯ್ದರು. ತಾಮ್ರ ಮಾರಿದರೆ ಕಳ್ಳನಿಗೆ ಸಿಗೋದು ಪುಡಿಗಾಸು. ನಮಗೆ ಹೊಸ ಕೇಬಲ್ ಬರೋದ್ರೊಳಗೆ ಬೆಳೆ ಒಣಗಿತು. ಠಾಣೆಗೆ ಹೋದರೆ "ಸಾಕ್ಷಿ ತಗೊಂಡು ಬನ್ನಿ" ಅಂತ ವಾಪಸ್ ಕಳಿಸಿದರು.

ಹದಿನೈದು ದಿನಕ್ಕೆ ಗುಜರಿಯವನೊಬ್ಬ ಬಂದ. ಚೀಲದಲ್ಲಿ ತಾಮ್ರ ಕಂಡಿತು. ಬೇವಿನ ಮರಕ್ಕೆ ಕಟ್ಟಿದೆವು. ಸುಳ್ಳು ಯಾಕೆ, ನಾನೂ ಎರಡೇಟು ಹಾಕಿದೆ. ಸಂಜೆಗೆ ಪಕ್ಕದೂರಿನ ರೈತನೊಬ್ಬ ಓಡಿ ಬಂದ. ಅದು ಅವನ ಸುಟ್ಟ ಮೋಟರಿನ ವೈಂಡಿಂಗ್ ತಂತಿ, ಅವನೇ ಮಾರಿದ್ದು. ಕೇಬಲ್ ತಂತಿ ಯಾವುದು, ವೈಂಡಿಂಗ್ ತಂತಿ ಯಾವುದು ಅಂತ ನಮ್ಮಲ್ಲಿ ಹುಡುಗರಿಗೂ ಗೊತ್ತು. ಅವತ್ತು ಯಾರೂ ಚೀಲ ಸುರಿದು ನೋಡಲಿಲ್ಲ. ಆ ಮನುಷ್ಯ ಕುಂಟುತ್ತಾ ಹೋದ. ಕೇಬಲ್ಲೂ ಸಿಗಲಿಲ್ಲ.

2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿ ನಂಬಿ ಜನ ಒಬ್ಬ ಪ್ರಯಾಣಿಕನನ್ನು ಹೊಡೆದೇ ಕೊಂದರು. ಪೇಪರಿನಲ್ಲಿ ಓದಿದಾಗ ನನಗೆ ಆ ಬೇವಿನ ಮರ ನೆನಪಾಯಿತು.

ಹಾಗಾದರೆ ರೈತರು ಯಾವತ್ತೂ ಕಾನೂನು ಮೀರಿಲ್ಲವೇ? ಮೀರಿದ್ದಾರೆ. 1983ರ ಆಗಸ್ಟಿನಲ್ಲಿ ನಮ್ಮ ತುಮಕೂರು ಜಿಲ್ಲೆಯ ರೈತರೇ ಅರಣ್ಯ ಇಲಾಖೆ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದರು. ಅದನ್ನು ನಾನು ತಪ್ಪು ಅನ್ನಲಾರೆ. ಏನು ಕೀಳುತ್ತಿದ್ದೇವೆ ಅಂತ ಅವರಿಗೆ ತಿಳಿದಿತ್ತು. ಹಗಲಲ್ಲೇ ಮಾಡಿ ಬಂಧನಕ್ಕೂ ಒಳಗಾದರು. ತಪ್ಪಾಗಿದ್ದರೆ ಸಸಿ ಮತ್ತೆ ನೆಡಬಹುದಿತ್ತು. 2017ರಲ್ಲಿ ಸರಕಾರವೇ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು.

ನಾವು ಹೊಡೆದದ್ದು ಯಾರ ಏಟು ಯಾರದ್ದು ಅಂತ ಗೊತ್ತಾಗಲ್ಲ ಅನ್ನೋ ಧೈರ್ಯದಲ್ಲಿ. ಠಾಣೆಯವರು ನಮ್ಮ ಮಾತು ಕೇಳಲಿಲ್ಲ ಅಂತ ಸಿಟ್ಟಾಗಿದ್ದ ನಾವು ಅವನ ಮಾತು ಕೇಳಲಿಲ್ಲ.

ಮರದ ಹತ್ತಿರ ಸೇರಿದ್ದ ಮೂವತ್ತು ಜನ ಠಾಣೆ ಮುಂದೆ ಕೂತಿದ್ದರೆ ದೂರು ಬರೆದುಕೊಳ್ಳುತ್ತಿದ್ದರೇನೋ. ಅಲ್ಲೂ ಆಗದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಲು ಕಾನೂನಿನಲ್ಲೇ ಅವಕಾಶ ಇದೆ. ಕೇಬಲ್ ರಸೀದಿ ಜೋಪಾನ ಮಾಡಿ, ಮೋಟರಿಗೆ ಗುರುತು ಹಾಕಿ. ಗುಜರಿಗೆ ತಾಮ್ರ ಕೊಟ್ಟರೆ ಒಂದು ಚೀಟಿ ಬರೆದುಕೊಡಿ. ಚೀಟಿ ಇದ್ದಿದ್ದರೂ ಅವತ್ತು ನಾವು ಓದುತ್ತಿದ್ದೆವೋ ಇಲ್ಲವೋ, ಹೇಳಲಾರೆ.

– ಒಬ್ಬ ರೈತ, ಮದಲೂರು, ಶಿರಾ ತಾಲೂಕು